ಆಸ್ಪತ್ರೆಯ ಬಿಲ್ಲಿಗೆ ಕಾದವನು

ತರಾಲ್ಡ್ ಎಗೆಲಾಂಡನಿಗೆ ಅನುಮಾನದ ಕಾಯಿಲೆ ಅಂಟಿದ್ದು ಅಮೆರಿಕದಲ್ಲಿ ಎಂದು ರೋಸ್ವಿಕದ ಜನ ಹೇಳುತ್ತಿದ್ದರು. ಹೆಂಡತಿ ತೊಮಿನೆ ಅದನ್ನು ಒಪ್ಪುತ್ತಿರಲಿಲ್ಲ. ಅಮೆರಿಕಕ್ಕೆ ಹೋಗುವ ಮೊದಲೇ ಆದ ಮದುವೆಯಲ್ಲಿ ಪಾದ್ರಿ ‘ಈಕೆಯನ್ನು ಹೆಂಡತಿಯಾಗಿ ಸ್ವೀಕರಿಸುತ್ತೀಯಾ’ ಎಂದು ಕೇಳಿದಾಗ ಇವನು ಒಂದು ಗಳಿಗೆ ತಡೆದು, “ಯಾಕೆ, ಅವಳು ಏನಾದ್ರೂ ಹೇಳಿದ್ಲಾ?” ಎಂದು ತಿರುಗಿ ಕೇಳಿದ್ದನಂತೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಅವಳ ವಾದ.

ಆದರೂ ಅದರಲ್ಲಿ ಅಮೆರಿಕದ ಪಾಲು ಇಲ್ಲವೆನ್ನುವಂತಿರಲಿಲ್ಲ. ನಾರ್ವೆಯ ಆ ದಕ್ಷಿಣ ಕರಾವಳಿಯಲ್ಲಿ ಆಗೆಲ್ಲ ಮನೆಗೊಬ್ಬ ಗಂಡಸು ನ್ಯೂಯಾರ್ಕಿನ ಹಡಗುಕಟ್ಟೆಯಲ್ಲೋ ಕಟ್ಟಡಗಳ ಮೇಲೋ ದುಡಿಯುತ್ತಿದ್ದ. ತರಾಲ್ಡನೂ ಅವನ ತಮ್ಮ ಆನ್ಸಗಾರನೂ ಅಲ್ಲಿ ಬಡಗಿಗಳಾಗಿದ್ದರು. ಒಂದು ದಿನ ಆನ್ಸಗಾರ್ ಅಟ್ಟಣೆಯಿಂದ ಜಾರಿ ಬಿದ್ದ. ಆಸ್ಪತ್ರೆಯಲ್ಲಿ ಬಹಳ ದಿನ ನರಳಿ ಸತ್ತ. ಅವನನ್ನು ಮಣ್ಣು ಮಾಡಿ ಬಂದ ವಾರವೇ ಬಿಲ್ಲು ಬಂತು. ಹಾಸಿಗೆಗೆ ಇಷ್ಟು, ಪಟ್ಟಿ ಕಟ್ಟಿದ್ದಕ್ಕೆ ಇಷ್ಟು, ಸಾಯುವ ಹಿಂದಿನ ಸಂಜೆ ಮುಟ್ಟದೆ ಬಿಟ್ಟ ಸೂಪಿಗೂ ಇಷ್ಟು. ತರಾಲ್ಡ್ ಅದನ್ನು ವರ್ಷಗಟ್ಟಲೆ ತೀರಿಸಿದ. ಅಲ್ಲಿ ದುಡಿಯುವ ಊರಿನವರ ಸಹಾಯ ಸಂಘ ಅಂತ ಒಂದಿತ್ತು. ಪ್ರತಿ ಶನಿವಾರ ಮನೆಮನೆಗೆ ಬಂದು ನಗುನಗುತ್ತಾ ಚಂದಾ ಎತ್ತುತ್ತಿದ್ದವನು, ಆ ಚಂದಾ ಬೇಕಾದ ಹೊತ್ತಿಗೆ ಗಂಟುಮೂಟೆ ಕಟ್ಟಿಕೊಂಡು ಚಿಕಾಗೊ ಕಡೆ ಹೋಗಿಬಿಟ್ಟಿದ್ದ. ಪುಕ್ಕಟೆ ಕೊಡುವವನು ಆಮೇಲೆ ಏನನ್ನೋ ಕೇಳಿಯೇ ಕೇಳುತ್ತಾನೆ, ಎಲ್ಲರ ಹೆಸರಿನಲ್ಲಿ ದುಡ್ಡು ಎತ್ತುವವನ ಜೇಬು ಆಳವಾಗಿರುತ್ತದೆ ಎಂಬುದು ಅಂದಿನಿಂದ ತರಾಲ್ಡನಿಗೆ ವೇದವಾಯಿತು.

ಅವನು ಒಂದು ಹಸಿರು ಬಣ್ಣದ ಉದ್ದನೆಯ ಅಮೆರಿಕನ್ ಕಾರಿನ ಸಮೇತ ರೋಸ್ವಿಕಕ್ಕೆ ಮರಳಿದಾಗ ದೇಶವನ್ನು ಕಾರ್ಮಿಕರ ಪಕ್ಷ ಆಳುತ್ತಿತ್ತು. ದುಡಿದದ್ದರಲ್ಲಿ ದೊಡ್ಡ ಪಾಲು ತೆರಿಗೆಗೆ ಹೋಗುತ್ತಿತ್ತು. ಅದರಲ್ಲಿ ಶಾಲೆ, ಆಸ್ಪತ್ರೆ, ಮುದುಕರ ಪಿಂಚಣಿ ಎಲ್ಲವೂ ಎಲ್ಲರಿಗೂ ಎಂದು ಹೇಳುತ್ತಿದ್ದರು. ‘ಹೇಳುತ್ತಿದ್ದರು’ ಅನ್ನುವುದನ್ನು ತರಾಲ್ಡ್ ಒತ್ತಿ ಹೇಳುತ್ತಿದ್ದ.

ಅವರ ಭಾಷೆಯಲ್ಲಿ ತೆರಿಗೆಗೆ ‘ಸ್ಕಾತ್’ ಎನ್ನುತ್ತಾರೆ. ನಿಧಿಗೂ ಅದೇ ಪದ. ಪ್ರೀತಿಯ ಹೆಂಡತಿಯನ್ನು ‘ಚಿನ್ನ’ ಎಂದು ಕರೆಯುವುದಕ್ಕೂ ಅದೇ ಪದ. ಮೊದಲ ತೆರಿಗೆ ಕಟ್ಟಿ ಬಂದ ದಿನ ತರಾಲ್ಡ್ ಅಡಿಗೆಮನೆಯಲ್ಲಿ ಟೋಪಿಯನ್ನು ಮೇಜಿನ ಮೇಲೆ ಬಡಿದ.

“ನೋಡೇ, ಈ ಊರಲ್ಲಿ ಇನ್ಮೇಲೆ ನಿನ್ನ ಸ್ಕಾತ್ ಅಂತ ಕರೆಯಲ್ಲ.”

“ಯಾಕಪ್ಪಾ?”

“ಆ ಹೆಸರಲ್ಲಿ ಬೇರೊಬ್ಬಳನ್ನ ಸಾಕ್ತಾ ಇದ್ದೀನಿ. ಅವಳು ನಿನಗಿಂತ ಜಾಸ್ತಿ ತಿಂತಾಳೆ.”

ತೊಮಿನೆ ದೋಸೆಯ ಕಾವಲಿಯಂಥ ವಾಫಲ್ ಕಬ್ಬಿಣವನ್ನು ಮಗುಚುತ್ತಾ ನಕ್ಕಳು. “ಅವಳಾದ್ರೂ ನಿನಗೆ ಅಡಿಗೆ ಮಾಡ್ತಾಳಾ, ಕೇಳ್ನೋಡು.”

ಊರಿನ ಸಾಮೂಹಿಕ ಕೆಲಸಕ್ಕೆ, ದೋಣಿಕಟ್ಟೆ ರಿಪೇರಿಗೋ ಶಾಲೆಗೆ ಬಣ್ಣ ಬಳಿಯುವುದಕ್ಕೋ, ಎಲ್ಲರೂ ಕೈಜೋಡಿಸುವ ದಿನಗಳಲ್ಲಿ ತರಾಲ್ಡನೂ ಹೋಗುತ್ತಿದ್ದ. ಹೋಗದಿದ್ದರೆ ಊರು ಬಿಡುವುದಿಲ್ಲ. ಆದರೆ ಅವನು ಬಣ್ಣದ ಡಬ್ಬಿಯ ಪಕ್ಕದಲ್ಲೇ ನಿಂತು, ಅದು ಯಾರ ಮನೆ ಕಡೆ ಹೋಗುತ್ತದೆ ಎಂದು ಕಣ್ಣಿಟ್ಟಿರುತ್ತಿದ್ದ. ಪಕ್ಕದ ಮನೆಯ ಯಾಲ್ಮರ್ ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಯಾಲ್ಮರ್ ಪುರಸಭೆಯ ರಸ್ತೆ ಮೇಸ್ತ್ರಿ. ದೊಡ್ಡ ಆಳು, ದೊಡ್ಡ ಗಂಟಲು, ದೊಡ್ಡ ಮನಸ್ಸು. ಹಿಮ ಬಿದ್ದ ಬೆಳಿಗ್ಗೆ ಪುರಸಭೆಯ ಹಿಮಗಾಡಿಯನ್ನು ಊರ ರಸ್ತೆಯಲ್ಲಷ್ಟೇ ಅಲ್ಲ, ಹಾದಿಯಲ್ಲಿ ಸಿಕ್ಕ ಪ್ರತಿ ಮನೆಯ ಅಂಗಳಕ್ಕೂ ನುಗ್ಗಿಸಿ ಹಿಮ ಎತ್ತಿ ಹೋಗುತ್ತಿದ್ದ. ಯಾರಾದರೂ ಕಾಫಿಗೆ ಕರೆದರೆ ಇಲ್ಲ ಎನ್ನುತ್ತಿರಲಿಲ್ಲ. ಊರಿನಲ್ಲಿ ಅವನಿಗೆ ಆಗದವರಿರಲಿಲ್ಲ.

ಒಂದು ಫೆಬ್ರವರಿಯ ಮುಂಜಾನೆ ತೊಮಿನೆ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿದಳು. ಹೊರಗೆ ಹಿಮ ಕಿಟಕಿಯ ಮಟ್ಟಕ್ಕೆ ಬಿದ್ದಿತ್ತು. ಹಸಿರು ಕಾರು ಒಂದು ಅಡಿಯೂ ಕದಲಲಿಲ್ಲ. ತರಾಲ್ಡ್ ಬೇಲಿ ದಾಟಿ ಕೂಗಿದ್ದೇ ತಡ, ಯಾಲ್ಮರ್ ಚಡ್ಡಿಯ ಮೇಲೆ ಕೋಟು ಹಾಕಿಕೊಂಡೇ ಓಡಿಬಂದು ಹಿಮಗಾಡಿ ಹೊರಡಿಸಿದ. ದಾರಿ ಮಾಡಿಕೊಂಡು ಕಡಲಕಟ್ಟೆಯವರೆಗೆ ತಂದು, ತೊಮಿನೆಯನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡು ಹೋಗಿ ಆಸ್ಪತ್ರೆಯ ದೋಣಿಯಲ್ಲಿ ಮಲಗಿಸಿದ. ಪಟ್ಟಣದ ಡಾಕ್ಟರು ಹೊಟ್ಟೆ ಕೊಯ್ದು ಗಡ್ಡೆ ತೆಗೆದರು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು. ವಸಂತ ಬರುವ ಹೊತ್ತಿಗೆ ತೊಮಿನೆ ಬಡಕಲಾಗಿ, ಆದರೆ ಕೆನ್ನೆಯಲ್ಲಿ ಬಣ್ಣ ತುಂಬಿಕೊಂಡು, ಮನೆಗೆ ಬಂದಳು.

ಆಮೇಲೆ ತರಾಲ್ಡ್ ಬಿಲ್ಲಿಗೆ ಕಾಯತೊಡಗಿದ.

ಅಂಚೆಯವನು ಬಂದಾಗೆಲ್ಲ ಬಾಗಿಲಿಗೆ ಮೊದಲು ಓಡುವವನು ಅವನೇ. ಬಾರದ ಪ್ರತಿ ದಿನವೂ ಮೊತ್ತ ಬೆಳೆಯುತ್ತಿದೆ ಎಂದು ಅವನ ಲೆಕ್ಕ. ಕಾರನ್ನು ಮಾರುವುದಕ್ಕೆ ಒಬ್ಬನ ಹತ್ತಿರ ಮಾತಾಡಿ ಇಟ್ಟ. ಬೇಸಿಗೆಯೂ ಮುಗಿಯಿತು. ಬಂಗಡೆ ಮೀನಿನ ಕಾಲವೂ ಕಳೆಯಿತು. ಕೊನೆಗೆ ತಡೆಯಲಾರದೆ ಭಾನುವಾರದ ಕೋಟು ಹಾಕಿಕೊಂಡು ಆರೋಗ್ಯ ವಿಮೆಯ ಕಚೇರಿಗೆ ನಡೆದ. ಮೇಜಿನ ಹಿಂದೆ ಒಬ್ಬಳು ಚಿಕ್ಕ ಹುಡುಗಿ ಕುಳಿತಿದ್ದಳು.

“ನನ್ನ ಹೆಂಡ್ತಿ ಬಿಲ್ಲು ಕೊಡಿ.”

ಅವಳು ಹೆಸರು ಕೇಳಿ, ಒಳಗೆ ಹೋಗಿ ಬಂದಳು. “ಕಟ್ಟೋದು ಏನೂ ಇಲ್ಲ. ಎಲ್ಲಾ ಆಗಿದೆ.”

“ಯಾರು ಕೊಟ್ರು?”

“ಯಾರೂ ಅಂತಲ್ಲ... ಎಲ್ಲರೂ.”

“ಎಲ್ಲರೂ ಅಂದ್ರೆ? ಹೆಸರು ಹೇಳಮ್ಮ.”

ಹುಡುಗಿ ಗಲಿಬಿಲಿಗೊಂಡು ಸುತ್ತ ನೋಡಿದಳು. “ನೀವು ಕಟ್ತೀರ, ನಮ್ಮಪ್ಪ ಕಟ್ತಾರೆ, ಡಬ್ಬಿ ಮೀನಿನ ಫ್ಯಾಕ್ಟರಿಯೋರು ಕಟ್ತಾರೆ. ಕಾಯಿಲೆ ಬಿದ್ದೋರಿಗೆ ಹೋಗುತ್ತೆ. ಅಷ್ಟೇ.”

“ಅಷ್ಟೇನಾ?”

“ಅಷ್ಟೇ.”

“ನಾಳೆ ಬಂದು ಏನೂ ಕೇಳಲ್ವಾ? ಮನೆ ಬರ್ಕೊಡು, ಜಾಗ ಬರ್ಕೊಡು ಅಂತ?”

“ನೀವು ಬೇಕಾದ್ರೆ ಕೂತ್ಕೊಳಿ,” ಎಂದಳು ಅವಳು, ಮುದುಕನಿಗೆ ತಲೆ ಸುತ್ತು ಬಂದಿದೆಯೇನೋ ಎಂದು.

ತರಾಲ್ಡ್ ಕೂರಲಿಲ್ಲ. ಅಲ್ಲಿಂದ ನೇರವಾಗಿ ಪುರಸಭೆಯ ಅಧ್ಯಕ್ಷೆ ಓಸ್ಲಾಗ್ ಎಂಬವಳ ಮನೆಗೆ ಹೋದ. ಓಸ್ಲಾಗ್ ಮೀನಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಲೇ ಕಾರ್ಮಿಕರ ಪಕ್ಷದಿಂದ ಗೆದ್ದು ಬಂದವಳು. ಪ್ರಾರ್ಥನಾಮಂದಿರದ ಹಿರಿಯರು ತುಂಬಿಕೊಂಡ ಆ ಕರಾವಳಿಯಲ್ಲಿ ಅದೇನು ಸಣ್ಣ ಮಾತಲ್ಲ. ಸಮಾಜವಾದಿಗಳು ಇವತ್ತು ಆಸ್ಪತ್ರೆ ಕೊಡುತ್ತಾರೆ, ನಾಳೆ ನಿಮ್ಮ ಹಸು ಹೊಡೆದುಕೊಂಡು ಹೋಗುತ್ತಾರೆ, ನಾಡಿದ್ದು ಬೈಬಲನ್ನೂ ಕಿತ್ತುಕೊಳ್ಳುತ್ತಾರೆ ಎಂದು ಅಲ್ಲಿ ಗುಸುಗುಸು ಇದ್ದೇ ಇತ್ತು. ಅವಳು ಅಡಿಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ತರಾಲ್ಡ್ ಬಾಗಿಲಲ್ಲೇ ನಿಂತು ಕೇಳಿದ.

“ನಿಂಗೆ ನನ್ನಿಂದ ಏನು ಬೇಕು, ಓಸ್ಲಾಗ್? ಓಟಾ?”

“ಒಳಗೆ ಬಾ ಮೊದ್ಲು. ಬಾಗಿಲು ಹಾಕು, ಚಳಿ. ಏನಾಯ್ತು?”

“ತೊಮಿನೆ ಆಸ್ಪತ್ರೆ ಖರ್ಚು ಯಾರೋ ಕೊಟ್ಟಿದ್ದಾರೆ. ಯಾರು ಕೊಟ್ರು, ಯಾಕೆ ಕೊಟ್ರು, ನಂಗೆ ತಿಳೀಬೇಕು.”

ಓಸ್ಲಾಗ್ ಚಾಕು ಕೆಳಗಿಟ್ಟಳು. “ನೀನೇ ಕೊಟ್ಟಿದ್ದು ಮಾರಾಯ. ಊರಿಗೆ ಬಂದಾಗಿಂದ ಬೈಕೊಂಡು ಬೈಕೊಂಡು ಕೊಡ್ತಾ ಇದ್ದೀಯಲ್ಲ, ಅದೇ.”

“ನಾನು ಕೊಟ್ಟಿದ್ದು ಅಷ್ಟಿಲ್ಲ.”

“ಇಲ್ಲ. ಉಳಿದಿದ್ದು ನಾನು ಕೊಟ್ಟೆ, ಯಾಲ್ಮರ್ ಕೊಟ್ಟ, ನಮಗಿಂತ ಜಾಸ್ತಿ ದುಡಿಯೋ ಫ್ಯಾಕ್ಟರಿ ಧಣಿ ನಮಗಿಂತ ಜಾಸ್ತಿ ಕೊಟ್ಟ. ಮುಂದಿನ ವರ್ಷ ಅವನ ಹೆಂಡ್ತಿ ಬಿದ್ರೆ ಅವಳಿಗೂ ಅದೇ ಹಾಸಿಗೆ. ಶಕ್ತಿ ಇದ್ದಾಗ ಕೊಡೋದು, ಬೇಕಾದಾಗ ತಗೊಳ್ಳೋದು. ನಾವೇ ಓಟು ಹಾಕಿ ಮಾಡ್ಕೊಂಡಿರೋ ಪದ್ಧತಿ. ಬೇಡ ಅಂದ್ರೆ ಓಟು ಹಾಕೇ ಕಿತ್ತು ಎಸೀಬಹುದು.”

“ರಷ್ಯಾದಲ್ಲೂ ಹೀಗೇ ಅಂತಾರೆ.”

ಅವಳು ಜೋರಾಗಿ ನಕ್ಕಳು. “ರಷ್ಯಾದಲ್ಲಿ ನೀನು ಹಿಂಗೆ ಅಧ್ಯಕ್ಷನ ಅಡಿಗೆಮನೆಗೆ ನುಗ್ಗಿ ಜಬರಿಸಿದ್ರೆ, ಇಷ್ಟೊತ್ತಿಗೆ ಇಲ್ಲಿ ನಿನ್ನ ಟೋಪಿ ಮಾತ್ರ ಇರ್ತಿತ್ತು.”

ತರಾಲ್ಡನಿಗೆ ನಗು ಬರಲಿಲ್ಲ. “ಹಂಗಾದ್ರೆ ಮಿಕ್ಕ ದುಡ್ಡು ಎಲ್ಲೆಲ್ಲಿ ಹೋಗುತ್ತೆ ನೋಡೋದಕ್ಕೆ ನಂಗೆ ಹಕ್ಕಿದೆ.”

“ಇದೆ. ಸಭೆ ಬಾಗಿಲು ತೆಗೆದೇ ಇರುತ್ತೆ. ಬಂದು ಕೂತ್ಕೋ. ಆದ್ರೆ ನಮ್ಮ ಕಾಫಿ ಚೆನ್ನಾಗಿರಲ್ಲ, ಈಗಲೇ ಹೇಳಿದೀನಿ.”

ಅವನು ಬಂದ. ಮುಂದಿನ ಸಭೆಗೂ ಬಂದ, ಅದರ ಮುಂದಿನದಕ್ಕೂ ಬಂದ. ಗೋಡೆಯ ಬೆಂಚಿನ ಮೇಲೆ ಟೋಪಿಯನ್ನು ಮೊಣಕಾಲಿಗೆ ಸಿಕ್ಕಿಸಿ ಕೂರುತ್ತಿದ್ದ. ಶಾಲೆಗೆ ಕಟ್ಟಿಗೆ ಕೊಂಡರೆ ಯಾರ ಕಾಡಿನದು ಎಂದು ಕೇಳುವನು. ಪುರಸಭೆಯವರು ಪಟ್ಟಣಕ್ಕೆ ಹೋಗಿ ಬಂದರೆ ಅಲ್ಲಿ ಏನು ತಿಂದಿರಿ ಎಂದು ಕೇಳುವನು. ಸದಸ್ಯರಿಗೆ ಅವನ ಗಂಟಲು ಕೇಳಿದರೇ ಮೈಯುರಿ. ಇದು ವರ್ಷಗಳ ಕಾಲ ನಡೆಯಿತು. ಆಮೇಲೊಂದು ದಿನ, ಪುರಸಭೆಯ ತಪಾಸಣಾ ಸಮಿತಿಯಲ್ಲಿ ಒಂದು ಜಾಗ ಖಾಲಿಯಾದಾಗ ಓಸ್ಲಾಗ್ ಎದ್ದು ನಿಂತು ತರಾಲ್ಡನ ಹೆಸರು ಸೂಚಿಸಿದಳು. ಸಭೆ ಗೊಳ್ಳೆಂದಿತು.

“ನಗೋದೇನಿದೆ?” ಎಂದಳು ಅವಳು. “ಎಲ್ಲರ ದುಡ್ಡು ಕಾಯೋದಕ್ಕೆ ಯಾರನ್ನೂ ನಂಬದೋನು ಬೇಕು. ಈ ಊರಲ್ಲಿ ಅದಕ್ಕಿಂತ ಯೋಗ್ಯ ಯಾರಿದ್ದಾನೆ, ತೋರಿಸಿ.”

ಸಭೆ ಮುಗಿದ ಮೇಲೆ ತರಾಲ್ಡ್ ಅವಳನ್ನು ಮೆಟ್ಟಿಲ ಹತ್ತಿರ ಅಡ್ಡಹಾಕಿದ. “ಬಾಯಿಗೆ ಸಕ್ಕರೆ ಹಾಕಿ ಮುಚ್ಚಿಸ್ತಾ ಇದ್ದೀಯಾ?”

“ನಿನ್ನ ಬಾಯಿ ಮುಚ್ಚೋವಷ್ಟು ಸಕ್ಕರೆ ಈ ದೇಶದಲ್ಲಿಲ್ಲ,” ಎಂದು ಅವಳು ಇಳಿದು ಹೋದಳು.

ಹುದ್ದೆ ಸಿಕ್ಕಿದ್ದರಿಂದ ಅವನ ಅನುಮಾನ ತಗ್ಗಲಿಲ್ಲ. ಅದಕ್ಕೆ ಕಾಲು ಬಂತು ಅಷ್ಟೇ. ಊರೆಲ್ಲ ಸುತ್ತಿ ನೋಡತೊಡಗಿದ. ಹೆಚ್ಚಿನ ಕಡೆ ಎಲ್ಲ ಸರಿಯಾಗಿಯೇ ಇರುತ್ತಿತ್ತು. ಸರಿಯಿದ್ದರೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ, ಇನ್ನೊಮ್ಮೆ ಹೋಗಿ ನೋಡುತ್ತಿದ್ದ.

ಹಾಗೆ ಸುತ್ತುವಾಗ ಒಂದು ಮಧ್ಯಾಹ್ನ ಊರಾಚೆಯ ಕೊಲ್ಲಿಯ ಕಡೆ ಹೋದ. ಅಲ್ಲಿ ಬಂಡೆಗಳ ನಡುವೆ ಹೊಸದೊಂದು ರಸ್ತೆ ಹಾಸಿತ್ತು. ಚೆನ್ನಾದ ಜಲ್ಲಿ, ಉರುಳೆ ಹೊಡೆದು ಗಟ್ಟಿ ಮಾಡಿದ್ದು. ರಸ್ತೆ ಹೋಗಿ ನಿಂತದ್ದು ಪಟ್ಟಣದ ಹಡಗು ಏಜೆಂಟನೊಬ್ಬ ಬೇಸಿಗೆಗೆಂದು ಕಟ್ಟಿಸಿದ ಬಂಗಲೆಯ ಮುಂದೆ. ಅಲ್ಲೇ ಪುರಸಭೆಯ ಲಾರಿ ನಿಂತಿತ್ತು. ಲಾರಿಯ ಮೇಲೆ ಯಾಲ್ಮರ್ ಕುಳಿತು ಬ್ರೆಡ್ಡಿಗೆ ಕಂದು ಚೀಸು ಹಚ್ಚಿಕೊಂಡು ತಿನ್ನುತ್ತಿದ್ದ. ತರಾಲ್ಡನನ್ನು ಕಂಡು ಕೈ ಎತ್ತಿದ, ಎತ್ತಿದ ಕೈ ಹಾಗೇ ನಿಂತಿತು. ತರಾಲ್ಡ್ ಬಂದ ದಾರಿಯಲ್ಲೇ ಹಿಂದಿರುಗಿದ.

ಆಮೇಲೆ ವಿಚಾರಿಸಿದರೆ, ಊರಿನ ಜಲ್ಲಿ ಅಲ್ಲಿಗೆ ಹೋದದ್ದು ತನ್ನೊಬ್ಬನನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು! ಏಜೆಂಟ್ ಯಾಲ್ಮರನಿಗೆ ದೋಣಿಗೆ ಹೊಸ ಎಂಜಿನ್ ಕೊಡಿಸಿದ್ದನ್ನೂ ಎಲ್ಲರೂ ಬಲ್ಲರು. ಅಂಗಡಿಯವನು ಹೇಳಿದ: “ಬಿಡೋ. ನಮ್ಮ ಯಾಲ್ಮರ್ ತಾನೆ. ಎಷ್ಟು ಜನಕ್ಕೆ ಮಾಡಿದ್ದಾನೆ. ಒಂದು ನಾಕು ಲಾರಿ ಜಲ್ಲಿಗೆ ಊರೇನು ಮುಳುಗಲ್ಲ.”

ಸಂಶಯಪಟ್ಟಿದ್ದೆಲ್ಲ ನಿಜವಾದರೆ ಸಂತೋಷವಾಗುತ್ತದೆ ಎಂದು ತರಾಲ್ಡ್ ಅಂದುಕೊಂಡಿದ್ದ. ಸಂತೋಷವಾಗಲಿಲ್ಲ. ಯಾರ್ಯಾರ ಮೇಲೋ ಇಷ್ಟು ವರ್ಷ ಕಣ್ಣಿಟ್ಟವನು ಪಕ್ಕದ ಮನೆಯವನ ಮೇಲೆ ಮಾತ್ರ ಇಟ್ಟಿರಲಿಲ್ಲ. ಊಟಕ್ಕೆ ಕುಳಿತಾಗ ಹೆಂಡತಿಗೆ ಹೇಳಿದ. ತೊಮಿನೆಯ ಕೈಯಲ್ಲಿದ್ದ ಸೌಟು ಪಾತ್ರೆಗೆ ಬಿತ್ತು.

“ನೀನು ಇದನ್ನ ಎತ್ತಬೇಡ.”

“ಎಲ್ಲರ ಜಲ್ಲಿ ಅದು.”

“ಅವನು ನನ್ನ ಎತ್ಕೊಂಡು ಹೋದ, ತರಾಲ್ಡ್. ಮಗೂನ ಎತ್ಕೊಂಡ ಹಂಗೆ. ನಿನ್ನ ಕಾರು ಅಲ್ಲೇ ಬಿದ್ದಿತ್ತು.”

“ಎತ್ಕೊಂಡು ಹೋಗಿದ್ದು ಅವನು. ಹಿಮಗಾಡಿ ಊರಿಂದು.”

“ಗಾಡಿ ತಾನಾಗೇ ನಡ್ಕೊಂಡು ಬಂತಾ?” ತೊಮಿನೆ ಎದ್ದು ಹೋದಳು. ಆ ರಾತ್ರಿ ಅವನ ಕಡೆ ಬೆನ್ನು ಮಾಡಿ ಮಲಗಿದಳು.

ಮರುದಿನ ಅವನು ಯಾಲ್ಮರನ ದೋಣಿಮನೆಗೆ ಹೋದ. ಬೆನ್ನ ಹಿಂದೆ ಮಾತಾಡುವುದು ಅವನ ಸ್ವಭಾವವಲ್ಲ. ಯಾಲ್ಮರ್ ಬಲೆ ಬಿಡಿಸುತ್ತಿದ್ದ, ತಲೆ ಎತ್ತಲಿಲ್ಲ.

“ಸಭೇಲಿ ಹೇಳ್ತೀನಿ ಯಾಲ್ಮರ್. ಮೊದಲು ನಿನಗೆ ಹೇಳೋಣ ಅಂತ ಬಂದೆ.”

“ಹೇಳು. ನಿನ್ನ ಅಂಗಳದ ಹಿಮ ಪ್ರತಿ ವರ್ಷ ಯಾವ ಗಾಡೀಲಿ ಎತ್ತಿದ್ದು ಅಂತಾನೂ ಹೇಳು.”

ಅದು ತರಾಲ್ಡನಿಗೆ ಹೊಳೆದೇ ಇರಲಿಲ್ಲ. ಊರಿನ ಡೀಸೆಲಿನಲ್ಲಿ ತನ್ನ ಬಾಗಿಲು ತೆರವಾಗುತ್ತಿದ್ದುದನ್ನು ಅವನು ನೆರೆಹೊರೆಯ ವಿಶ್ವಾಸವೆಂದೇ ಒಪ್ಪಿಕೊಂಡಿದ್ದ.

“ಹೇಳ್ತೀನಿ,” ಎಂದ. “ಅದಕ್ಕೆಷ್ಟು ಆಗುತ್ತೋ ಕಟ್ತೀನಿ.”

ಯಾಲ್ಮರ್ ಆಗ ತಲೆ ಎತ್ತಿದ. “ಒಬ್ಬನ ಹತ್ರ ಋಣ ಇಟ್ಕೊಳ್ಳೋದಕ್ಕೂ ಆಗಲ್ಲ ಅಲ್ವಾ ನಿಂಗೆ? ಹೋಗು. ನನ್ನ ನೆರಳಲ್ಲಿ ನಿಂತ್ಕೋಬೇಡ.”

ತರಾಲ್ಡ್ ಸಮಿತಿಗೆ ವಿಷಯ ತಿಳಿಸಿದ. ವಿಷಯ ಅಧ್ಯಕ್ಷೆಯ ಮೇಜಿಗೆ ಹೋಯಿತು, ಅಲ್ಲೇ ಕುಳಿತಿತು. ಒಂದು ಸಭೆ ಕಳೆಯಿತು, ಅದು ಚರ್ಚೆಗೆ ಬರಲಿಲ್ಲ. ಇನ್ನೊಂದು ಕಳೆಯಿತು. ಸೆಪ್ಟೆಂಬರಿನಲ್ಲಿ ಚುನಾವಣೆಯಿತ್ತು. ಯಾಲ್ಮರ್ ಓಸ್ಲಾಗ್‌ಳ ಪಕ್ಷದವನು. ಅವನು ಹೇಳಿದ ಕಡೆ ಓಟು ಹಾಕುವ ಮನೆಗಳು ಬಹಳ. ತರಾಲ್ಡ್ ಇದನ್ನೆಲ್ಲ ಕೂಡಿಸಿ ಕಳೆದು ಕಾದು ಕುಳಿತ.

ಒಂದು ಸಂಜೆ ಓಸ್ಲಾಗ್ ತಾನೇ ಬಂದಳು. ತೊಮಿನೆ ಕಾಫಿ ಇಟ್ಟಳು. ಓಸ್ಲಾಗ್ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಇದನ್ನ ಮುಚ್ಚಿಹಾಕು ಅನ್ನಲ್ಲ, ತರಾಲ್ಡ್. ಚುನಾವಣೆ ಆಗ್ಲಿ ಅಂತೀನಿ. ಈಗ ಇದು ಹೊರಗೆ ಬಂದ್ರೆ ಆ ಕಡೆಯೋರು ಗೆಲ್ತಾರೆ. ಅವರಿಗೆ ಬೇಕಾಗಿರೋದು ಯಾಲ್ಮರ್ ಅಲ್ಲ. ‘ನೋಡಿ, ನಿಮ್ಮ ತೆರಿಗೆ ಎಲ್ಲಿಗೆ ಹೋಯ್ತು’ ಅಂತ ತೋರಿಸಿ, ಇಡೀ ಪದ್ಧತಿಗೇ ಕೊಡಲಿ ಹಾಕ್ತಾರೆ.”

ತರಾಲ್ಡ್ ಬಹಳ ಮೆಲ್ಲಗೆ ಕೇಳಿದ: “ತೊಮಿನೆ ಆಸ್ಪತ್ರೆಯಿಂದ ಬಂದ ಮೇಲೆ ನಾನು ಒಂದು ಬಿಲ್ಲಿಗೆ ಕಾಯ್ತಾ ಇದ್ದೆ. ನೆನಪಿದ್ಯಾ?”

“ನೆನಪಿದೆ.”

“ಇದೇನಾ ಅದು?”

ಓಸ್ಲಾಗ್‌ಳ ಮುಖ ಕೆಂಪಾಯಿತು. ಅವಳಿಗೆ ಸಿಟ್ಟು ಬಂತೆಂದು ತೊಮಿನೆ ಅಂದುಕೊಂಡಳು. ಓಸ್ಲಾಗ್ ಬಟ್ಟಲನ್ನು ಕೆಳಗಿಟ್ಟು, ಸ್ಕಾರ್ಫು ಕಟ್ಟಿಕೊಂಡು ಹೊರಟುಹೋದಳು. ತರಾಲ್ಡ್ ಕಿಟಕಿಯಲ್ಲಿ ನಿಂತು ಅವಳು ಯಾಲ್ಮರನ ಮನೆಗೆ ಹೋಗುತ್ತಾಳೋ ಏನೋ ಎಂದು ನೋಡಿದ. ಅವಳು ಹೋಗಲಿಲ್ಲ. ಆದರೆ ಸುತ್ತು ಹಾಕಿಕೊಂಡು ಹೋಗಿರಬಹುದು ಎಂದು ಅವನಿಗೆ ಬೆಳಗಿನವರೆಗೂ ಅನ್ನಿಸುತ್ತಲೇ ಇತ್ತು.

ಮುಂದಿನ ಸಭೆಯಲ್ಲಿ ಮೊದಲ ವಿಷಯವೇ ಕೊಲ್ಲಿಯ ರಸ್ತೆ. ಮಂಡಿಸಿದವಳು ಓಸ್ಲಾಗ್. ಇಷ್ಟು ದಿನ ಇದನ್ನು ತನ್ನ ಮೇಜಿನಲ್ಲಿ ತಡೆದಿಟ್ಟಿದ್ದು ತನ್ನ ತಪ್ಪು ಎಂದೂ ಹೇಳಿದಳು. ಹಾಗೆ ಹೇಳಬೇಕೆಂದು ಅವಳನ್ನು ಯಾರೂ ಕೇಳಿರಲಿಲ್ಲ. ತರಾಲ್ಡ್ ಎದ್ದು ತನ್ನ ಅಂಗಳದ ಹಿಮದ ಮಾತನ್ನೂ ಹೇಳಿದ. ಅಲ್ಲಿದ್ದವರಲ್ಲಿ ಹಿಮ ಎತ್ತಿಸಿಕೊಳ್ಳದವರು ಬಹುಶಃ ಯಾರೂ ಇರಲಿಲ್ಲ.

ಯಾಲ್ಮರ್ ಜಲ್ಲಿಯ ಬೆಲೆ ಕಟ್ಟಿದ. ಮೇಸ್ತ್ರಿಗಿರಿ ಹೋಯಿತು, ಬರಿಯ ಲಾರಿ ಚಾಲಕನಾಗಿ ಉಳಿದ. ಸೆಪ್ಟೆಂಬರಿನಲ್ಲಿ ಓಸ್ಲಾಗ್ ಸೋತಳು. ಅವಳು ಮತ್ತೆ ಏಪ್ರನ್ ಕಟ್ಟಿಕೊಂಡು ಫ್ಯಾಕ್ಟರಿಯ ಸಾಲಿನಲ್ಲಿ ನಿಂತು ಮೀನು ಡಬ್ಬಿಗೆ ತುಂಬತೊಡಗಿದಳು. ಊರಿನ ಸಿಟ್ಟೆಲ್ಲ ತಿರುಗಿದ್ದು ಮಾತ್ರ ತರಾಲ್ಡನ ಮೇಲೆ. ಪ್ರಾರ್ಥನಾಮಂದಿರದಲ್ಲಿ ಅವನು ಕುಳಿತ ಬೆಂಚಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಅಂಗಡಿಯಲ್ಲಿ ಅವನು ಒಳಗೆ ಹೋದರೆ ಮಾತು ನಿಲ್ಲುತ್ತಿತ್ತು. ಹಿಮಗಾಡಿ ಈಗ ಕಾನೂನು ಪ್ರಕಾರ ಊರ ರಸ್ತೆಯಲ್ಲಿ ಮಾತ್ರ ಓಡಿ, ಪ್ರತಿ ಮನೆಯ ಗೇಟಿಗೂ ಒಂದೊಂದು ಹಿಮದ ಗೋಡೆ ಕಟ್ಟಿ ಹೋಗುತ್ತಿತ್ತು. ಸಲಿಕೆ ಹಿಡಿದ ಜನ ಬೆನ್ನು ನೆಟ್ಟಗೆ ಮಾಡಿದಾಗೆಲ್ಲ ತರಾಲ್ಡನ ಮನೆಯ ಕಡೆ ನೋಡಿ ಉಗಿಯುತ್ತಿದ್ದರು. ತೊಮಿನೆ ಆ ಚಳಿಗಾಲವಿಡೀ ಗಂಡನ ಜೊತೆ ಬೇಕಾದಷ್ಟೇ ಮಾತಾಡಿದಳು. ಯಾಲ್ಮರನ ಹೆಂಡತಿಗೆ ಬೇಲಿಯ ಮೇಲಿಂದ ಬಿಸಿ ವಾಫಲ್ ಕೊಡುವುದನ್ನು ಮಾತ್ರ ಬಿಡಲಿಲ್ಲ. ತರಾಲ್ಡ್ ಅದನ್ನು ಕಂಡೂ ಕಾಣದವನಂತಿದ್ದ.

ಹೊಸ ಅಧ್ಯಕ್ಷನಾಗಿ ಬಂದವನು ಪೇಟೆಯ ಬಟ್ಟೆ ವ್ಯಾಪಾರಿ. ಒಳ್ಳೆ ಮಾತುಗಾರ. ತಪಾಸಣಾ ಸಮಿತಿಯಲ್ಲಿ ತರಾಲ್ಡನನ್ನು ಹಾಗೇ ಉಳಿಸಿಕೊಂಡ. ಇವನು ತೆರಿಗೆಯ ಹಳೆಯ ಶತ್ರು, ನಮ್ಮವನೇ ಎಂದು ಅವನ ಎಣಿಕೆ. ಒಂದು ಬಜೆಟ್ಟಿನ ಸಭೆಯಲ್ಲಿ ಅವನು ಎದ್ದು ನಿಂತು, ಮನೆ ಕಂದಾಯವನ್ನು ಕಿತ್ತುಹಾಕುವುದಾಗಿ ಹೇಳಿದ. ಜನ ಚಪ್ಪಾಳೆ ತಟ್ಟಿದರು. ಅದಕ್ಕಾಗಿ ಸಣ್ಣದೊಂದು ಹೊಂದಾಣಿಕೆ, ಅಂದರೆ ಮನೆಮನೆಗೆ ಹೋಗಿ ಮುದುಕರನ್ನೂ ರೋಗಿಗಳನ್ನೂ ನೋಡಿಕೊಳ್ಳುವ ದಾದಿಯ ಹುದ್ದೆ ಖಾಲಿಯಾದರೆ ಮತ್ತೆ ತುಂಬುವುದಿಲ್ಲ ಎಂದ. “ನೆರೆಹೊರೆಯೋರು ಇದ್ದೀವಲ್ಲ, ನೋಡ್ಕೊಳ್ಳೋಣ. ಮೊದಲೆಲ್ಲ ಹಂಗೇ ಅಲ್ವಾ ಇದ್ದಿದ್ದು? ತರಾಲ್ಡ್, ನೀವಂತೂ ಖುಷಿ ಪಡ್ತೀರ!”

ತರಾಲ್ಡ್ ಟೋಪಿಯನ್ನು ತಿರುವುತ್ತಾ ಎದ್ದ.

“ತೆರಿಗೆ ಕೇಳೋಕೆ ಬರೋನ ಮೇಲೆ ನಂಗೆ ಯಾವತ್ತೂ ಅನುಮಾನ ಇತ್ತು,” ಎಂದ. “ಈಗ್ಲೂ ಇದೆ. ಆದ್ರೆ ಬೇಡ, ಜೇಬಲ್ಲೇ ಇಟ್ಕೋ ಅನ್ನೋನು ಬಂದಿದ್ದಾನಲ್ಲ, ಇವನನ್ನ ನೋಡಿದ್ರೆ ಕೂದಲು ನಿಮಿರ್ತಿದೆ. ನಿಮ್ಮ ಮನೆ ದೊಡ್ಡದು. ಊರಿಗೇ ದೊಡ್ಡದು. ಕಂದಾಯ ಹೋದ್ರೆ ಅತಿ ಹೆಚ್ಚು ಉಳಿಯೋದು ಯಾರಿಗೆ?”

“ಎಲ್ಲರಿಗೂ ಉಳಿಯುತ್ತೆ...”

“ನಂಗೆ ಉಳಿಯೋದರಲ್ಲಿ ಒಂದು ಜೊತೆ ಬೂಟು ಬರುತ್ತೆ. ನಿಮಗೆ ದೋಣಿ ಬರುತ್ತೆ. ದಾದಿ ಯಾರಿಗೂ ಬರಲ್ಲ. ನೆರೆಹೊರೆ ಅಂತೀರಿ. ನನ್ನ ನೆರೆಹೊರೆ ನನ್ನ ಹತ್ರ ಮಾತೇ ಆಡಲ್ಲ.” ಯಾರೋ ಕಿಸಕ್ಕೆಂದರು. “ನಗ್ರಿ. ನಾನು ಬಿದ್ರೆ ಯಾರು ಬರ್ತೀರ, ಕೈ ಎತ್ತಿ ನೋಡೋಣ. ದಾದಿ ಆದ್ರೆ ಬರ್ಲೇಬೇಕು. ನನ್ನ ಮುಖ ಕಂಡ್ರಾಗದೇ ಇದ್ರೂ ಬರ್ಬೇಕು. ಅದು ನಂಗೆ ಇಷ್ಟ. ಯಾರ ದಾಕ್ಷಿಣ್ಯವೂ ಇಲ್ಲ.”

ಚರ್ಚೆ ಉದ್ದಕ್ಕೆ ಬೆಳೆಯಿತು. ಕೊನೆಗೆ ಕೈ ಎತ್ತಿದಾಗ, ಅಧ್ಯಕ್ಷನ ಪಕ್ಷದ ಇಬ್ಬರು ಮುದುಕಿಯರೇ ಅವನ ವಿರುದ್ಧ ಕೈ ಎತ್ತಿದ್ದರು. ಕಂದಾಯ ಉಳಿಯಿತು, ದಾದಿಯೂ ಉಳಿದಳು. ಹೊರಗೆ ಬರುವಾಗ ಓಸ್ಲಾಗ್ ಮೆಟ್ಟಿಲ ಮೇಲೆ ನಿಂತಿದ್ದಳು; ಅವಳು ಬರಿಯ ನೋಡುವವಳಾಗಿ ಬಂದಿದ್ದಳು.

“ಏನೋ, ಸಮಾಜವಾದಿ ಆಗ್ಬಿಟ್ಯಾ?”

“ನಮ್ಮಜ್ಜ ಎದ್ದು ಬಂದು ಹೇಳಿದ್ರೂ ಆಗಲ್ಲ. ನೀನ್ಯಾಕೆ ಇಲ್ಲಿ ನಿಂತಿದ್ದೀಯ? ಯಾರಿಗೆ ಕಾಯ್ತಿದ್ದೀಯ?”

“ಬಸ್ಸಿಗೆ.”

ಅವನು ಬಸ್ಸು ಬರುವವರೆಗೂ ಸ್ವಲ್ಪ ದೂರದಲ್ಲಿ ನಿಂತು, ಅವಳು ನಿಜಕ್ಕೂ ಹತ್ತುತ್ತಾಳೋ ಎಂದು ನೋಡಿಕೊಂಡೇ ಮನೆಗೆ ಹೋದ.

ತೊಮಿನೆ ಅವನಿಗಿಂತ ಮೊದಲು ಹೋದಳು, ನಿದ್ದೆಯಲ್ಲಿ, ಹೆಚ್ಚು ನೋವಿಲ್ಲದೆ. ಆಮೇಲಿನ ವರ್ಷಗಳಲ್ಲಿ ತರಾಲ್ಡನ ಕಾಲುಗಳು ಊದಿಕೊಂಡವು, ಹೊರಗೆ ಸುತ್ತುವುದು ನಿಂತಿತು. ಬೆಳಿಗ್ಗೆ ದಾದಿ ಬರುತ್ತಿದ್ದಳು. ಅವಳ ಹೆಸರು ಇಂಗ್‌ಬಿಯೋರ್ಗ್, ಚುರುಕು ಹೆಂಗಸು. ಅವಳ ಮೇಲೂ ಅವನಿಗೆ ಸಂಶಯವಿತ್ತು. ಗುಳಿಗೆ ಬದಲಾಯಿಸುತ್ತಾಳೆ, ಗಡಿಯಾರ ನೋಡುತ್ತಾಳೆ, ಯಾರಿಗೋ ವರದಿ ಮಾಡುತ್ತಾಳೆ.

ಒಂದು ಬೆಳಿಗ್ಗೆ ಅವಳು ಬರುವುದು ತಡವಾಯಿತು.

“ಎಲ್ಲಿದ್ದೆ ಇಷ್ಟೊತ್ತು? ನಮ್ಮೆಲ್ಲರ ದುಡ್ಡು ಇದು, ಗೊತ್ತಿರಲಿ.”

“ಪಕ್ಕದ ಮನೇಲಿ,” ಎಂದಳು ಅವಳು, ಬಿಸಿನೀರಿನ ಬೋಗುಣಿಯನ್ನು ಅವನ ಕಾಲ ಬಳಿ ಇಡುತ್ತಾ. “ಯಾಲ್ಮರ್ ಅವರ ಬೆನ್ನು ಹುಣ್ಣಾಗಿದೆ. ಪಟ್ಟಿ ಬದಲಾಯಿಸೋಕೆ ಹೊತ್ತಾಯ್ತು.”

ತರಾಲ್ಡ್ ಕಾಲನ್ನು ನೀರಿಗಿಟ್ಟ. ಅವಳು ಸೋಪು ಹಚ್ಚತೊಡಗಿದಳು. ಹೊರಗೆ ಕಡಲಹಕ್ಕಿಗಳು ಕಿರುಚುತ್ತಿದ್ದವು.

“ಜಾಸ್ತಿ ನೋವಿದ್ಯಾ ಅವನಿಗೆ?”

“ಇದೆ. ತಡ್ಕೋತಾರೆ. ನೀವು ಕೇಳಿದ್ರಿ ಅಂತ ಹೇಳ್ಲಾ?”

“ಬೇಡ.”

ಅವಳು ಒಂದು ಕಾಲು ಒರೆಸಿ, ಇನ್ನೊಂದಕ್ಕೆ ಕೈ ಹಾಕಿದಳು. ಅವನು ಕಿಟಕಿಯ ಕಡೆ ಮುಖ ತಿರುಗಿಸಿದ.

“ನಾಳೆ ಬೇಕಾದ್ರೆ ಅಲ್ಲಿಗೇ ಮೊದಲು ಹೋಗು,” ಎಂದ. “ನಂದು ಬರೀ ಕಾಲು. ಕಾಯುತ್ತೆ.”